ದಾಂಪತ್ಯವಿವಾದದಲ್ಲಿ ರಾಜಾಜ್ಞೆಯೂ ಕಾರಾಗೃಹವೂ: ಮಿತಾಕ್ಷರೆಯಿಂದ ರುಖಮಾಬಾಯಿಯ ವ್ಯವಹಾರದವರೆಗೆ

ನ್ಯಾಯಸ್ಥಾನದಲ್ಲಿ ನಿರ್ಣಯವನ್ನು ಹೇಳುವುದು ಒಂದು ಕಾರ್ಯ. ಹೇಳಿದ ನಿರ್ಣಯವನ್ನು ನಡೆಯಿಸುವುದು ಮತ್ತೊಂದು ಕಾರ್ಯ. ಮೊದಲನೆಯದಕ್ಕೆ ಶಾಸ್ತ್ರಜ್ಞಾನವೂ ಸಾಕ್ಷಿಪರೀಕ್ಷೆಯೂ ಸಾಕು. ಎರಡನೆಯದಕ್ಕೆ ದಂಡಶಕ್ತಿಯು ಬೇಕು. ಸಾಲ, ಭೂಮಿ, ಎಲ್ಲೆಕಟ್ಟು ಮೊದಲಾದ ವಿವಾದಗಳಲ್ಲಿ ಈ ದಂಡಶಕ್ತಿಯ ಪ್ರಯೋಗವು ಕಷ್ಟವಾದುದಲ್ಲ. ಹಣವನ್ನು ಕೊಡಿಸಬಹುದು, ಭೂಮಿಯನ್ನು ಬಿಡಿಸಿ ಕೊಡಬಹುದು. ಆದರೆ ಗಂಡಹೆಂಡಿರ ನಡುವಣ ವಿವಾದದಲ್ಲಿ “ನೀನು ಇವನೊಡನೆ ಸಂಸಾರಮಾಡು” ಎಂದು ಆಜ್ಞೆ ಹುಟ್ಟಿದರೆ, ಅದನ್ನು ನಡೆಯಿಸುವ ಬಗೆ ಹೇಗೆ? ಆಜ್ಞೆಯನ್ನು ಮೀರಿದವರನ್ನು ಏನುಮಾಡಬೇಕು? ಈ ಪ್ರಶ್ನೆಯು ೧೮೮೭ನೆಯ ಇಸವಿಯಲ್ಲಿ ಮುಂಬಯಿಯಲ್ಲಿ ಎದ್ದು, ದೇಶದ ಪಂಡಿತರನ್ನೂ ಪತ್ರಿಕೆಗಳನ್ನೂ ಎರಡು ಪಂಗಡವಾಗಿ ಒಡೆಯಿತು.

ಆ ವರ್ಷದ ಮಾರ್ಚಿ ತಿಂಗಳ ೪ನೆಯ ದಿನ ಮುಂಬಯಿಯ ಹೈಕೋರ್ಟಿನ ನ್ಯಾಯಾಧೀಶ ಫರಾನರು, ರುಖಮಾಬಾಯಿಯೆಂಬ ತರುಣಿಯು ಒಂದು ತಿಂಗಳೊಳಗಾಗಿ ತನ್ನ ಗಂಡನ ಮನೆಗೆ ಹೋಗಬೇಕು, ಇಲ್ಲವಾದರೆ ಆರು ತಿಂಗಳ ಕಾರಾಗೃಹವಾಸವನ್ನು ಅನುಭವಿಸಬೇಕು ಎಂದು ಆಜ್ಞೆಮಾಡಿದರು. ಈ ಆಜ್ಞೆಯು ಹಿಂದೂಧರ್ಮಕ್ಕೆ ಸಮ್ಮತವಾದುದೆಂದು ಒಂದು ಪಕ್ಷದವರು ಹೊಗಳಿದರು. ಹಿಂದೂಧರ್ಮವೇ ಇಂತಹ ಕ್ರೂರವಾದುದೆಂದು ಮತ್ತೊಂದು ಪಕ್ಷದವರಲ್ಲಿ ಕೆಲವರು ತೆಗಳಿದರು. ಹೊಗಳಿದವರೂ ತೆಗಳಿದವರೂ ಒಂದು ಮಾತಿನಲ್ಲಿ ಏಕಮತರಾಗಿದ್ದರು. ಅದಾವುದೆಂದರೆ, ಆ ಸೆರೆಮನೆಯ ಬಾಗಿಲಿಗೆ ಕೀಲಿಕೈಯನ್ನು ಕೊಟ್ಟವರು ನಮ್ಮ ಸ್ಮೃತಿಕಾರರೆಂಬುದು. ಇದು ನಿಜವೇ ಎಂಬುದನ್ನು ಪರೀಕ್ಷಿಸುವುದೇ ಪ್ರಕೃತ ಲೇಖನದ ಉದ್ದೇಶ. ಮುಂಬಯಿಯ ಪ್ರಾಂತವು ಮಿತಾಕ್ಷರೆಗೆ ಅಧೀನವಾದುದು. ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದಲ್ಲಿ ಕಲ್ಯಾಣನಗರದಲ್ಲಿದ್ದವನು. ಆ ಕಲ್ಯಾಣವೇ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಆದಕಾರಣ ನಮ್ಮ ನಾಡಿನ ಗ್ರಂಥಕಾರನೊಬ್ಬನ ಮೇಲೆ ಬಂದ ಅಪವಾದವನ್ನು ವಿಚಾರಿಸುವುದು ಕನ್ನಡಿಗರಿಗೆ ಹೊರಗಿನ ಕೆಲಸವೆನಿಸಲಾರದು.

೧. ರಾಜಶಾಸನವನ್ನು ಮೀರಿದವನ ವಿಷಯ

ಮೊದಲು ಸಾಮಾನ್ಯಧರ್ಮವನ್ನು ನೋಡೋಣ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ವ್ಯವಹಾರಕ್ಕೆ ನಾಲ್ಕು ಪಾದಗಳು. ವಾದಿಯ ಭಾಷೆ, ಪ್ರತಿವಾದಿಯ ಉತ್ತರ, ಪ್ರಮಾಣರೂಪವಾದ ಕ್ರಿಯೆ, ಸಾಧ್ಯಸಿದ್ಧಿ. ಗೆದ್ದವನಿಗೆ ರಾಜಮುದ್ರಾಂಕಿತವಾದ ಜಯಪತ್ರವು ದೊರೆಯುವುದು. ನ್ಯಾಯಸ್ಥಾನದ ಅಪ್ಪಣೆಯನ್ನು ತಿರಸ್ಕರಿಸಿದವನ ವಿಷಯದಲ್ಲಿಯೂ ನಮ್ಮವರು ಮೌನವಾಗಿಲ್ಲ. ನಾರದನು ಐದು ಬಗೆಯ ‘ಹೀನ’ರನ್ನು ಎಣಿಸಿದ್ದಾನೆ: ಒಂದು ಹೇಳಿ ಮತ್ತೊಂದಕ್ಕೆ ತಿರುಗುವವನು, ಪ್ರಮಾಣವನ್ನು ದ್ವೇಷಿಸುವವನು, ಸಭೆಗೆ ಹಾಜರಾಗದವನು, ಕೇಳಿದರೆ ಉತ್ತರಕೊಡದವನು, ಕರೆಯನ್ನು ಕೇಳಿ ಓಡಿಹೋಗುವವನು. ಇಂತಹವರು ದಂಡಾರ್ಹರು. ಇಂದಿನ ಶಾಸನಭಾಷೆಯಲ್ಲಿ ‘ನ್ಯಾಯಾಲಯನಿಂದನೆ’ ಎಂದು ಕರೆಯುವ ಅಪರಾಧದ ಒಂದು ಭಾಗವು ಇಲ್ಲಿಯೇ ಅಡಕವಾಗಿದೆ.

ಇದಲ್ಲದೆ ‘ಆಸೇಧ’ವೆಂಬ ಒಂದು ವಿಧಿಯುಂಟು. ರಾಜಾಜ್ಞೆಯಿಂದ ಒಬ್ಬನನ್ನು ತಡೆದು ನಿಲ್ಲಿಸುವುದೇ ಆಸೇಧ. ಅದು ನಾಲ್ಕು ಪ್ರಕಾರ: ಇಂತಹ ಸ್ಥಳವನ್ನು ಬಿಟ್ಟು ಕದಲಕೂಡದೆಂಬ ಸ್ಥಾನಾಸೇಧ, ಇಂತಹ ಕಾಲದವರೆಗೆ ಎಂಬ ಕಾಲಾಸೇಧ, ಪರದೇಶಕ್ಕೆ ಹೋಗಕೂಡದೆಂಬ ಪ್ರವಾಸಾಸೇಧ, ಇಂತಹ ಕೆಲಸವನ್ನು ಮಾಡಕೂಡದೆಂಬ ಕರ್ಮಾಸೇಧ. ಕಡೆಯದು ಇಂದಿನ ನ್ಯಾಯಸ್ಥಾನಗಳು ಕೊಡುವ ತಡೆಯಾಜ್ಞೆಯನ್ನೇ ಹೋಲುತ್ತದೆ. ಆಸೇಧವನ್ನು ಮೀರಿದವನಿಗೆ ದಂಡ. ಆಸೇಧಕ್ಕೆ ಅರ್ಹನಲ್ಲದವನನ್ನು ತಡೆದವನಿಗೂ ದಂಡ. ಆಜ್ಞೆಯನ್ನು ಮೀರುವುದು ಹೇಗೆ ಅಪರಾಧವೋ ಹಾಗೆಯೇ ಆಜ್ಞೆಯನ್ನು ಅಸ್ಥಾನದಲ್ಲಿ ಪ್ರಯೋಗಿಸುವುದೂ ಅಪರಾಧವೆಂಬ ಈ ಸಮದೃಷ್ಟಿಯನ್ನು ವಾಚಕರು ಗಮನಿಸಬೇಕು. ಮದುವೆಗೆ ಸಿದ್ಧನಾದವನು, ರೋಗಿ, ಯಜ್ಞಕ್ಕೆ ತೊಡಗಿದವನು, ವಿಪತ್ತಿನಲ್ಲಿ ಸಿಕ್ಕಿದವನು, ಬಿತ್ತನೆಯ ಕಾಲದ ಒಕ್ಕಲಿಗ, ದನ ಮೇಯಿಸುತ್ತಿರುವ ಗೋವಳ, ಯುದ್ಧದಲ್ಲಿರುವ ಭಟ ಇವರನ್ನು ಆಸೇಧಿಸಕೂಡದೆಂದು ವಿಧಿಸಿದೆ. ಅರ್ಥಾತ್, ರಾಜಾಜ್ಞೆಯು ಎಷ್ಟೇ ಪ್ರಬಲವಾದರೂ ಮನುಷ್ಯನ ಬಾಳಿನ ಕೆಲವು ಸ್ಥಾನಗಳ ಮುಂದೆ ಅದು ತಡೆದು ನಿಲ್ಲಬೇಕು.

೨. ದಂಪತಿಗಳ ನಡುವೆ ವ್ಯವಹಾರವುಂಟೇ?

ಇನ್ನು ವಿಶೇಷಧರ್ಮ. ಗುರುಶಿಷ್ಯರು, ತಂದೆಮಕ್ಕಳು, ದಂಪತಿಗಳು, ಸ್ವಾಮಿಭೃತ್ಯರು ಇವರೊಳಗೆ ಪರಸ್ಪರ ವಿರೋಧ ಬಂದರೆ ವ್ಯವಹಾರವು ಸಿದ್ಧಿಸದು ಎಂಬ ಅರ್ಥದ ಒಂದು ಸ್ಮೃತಿವಚನವನ್ನು ವಿಜ್ಞಾನೇಶ್ವರನು ಎತ್ತಿಕೊಂಡು ವಿಚಾರಿಸಿದ್ದಾನೆ. ಈ ವಚನವನ್ನು ಅಕ್ಷರಶಃ ಹಿಡಿದರೆ, ಗಂಡನು ಹೆಂಡತಿಯ ಮೇಲಾಗಲಿ, ಹೆಂಡತಿಯು ಗಂಡನ ಮೇಲಾಗಲಿ ರಾಜದ್ವಾರಕ್ಕೆ ಹೋಗುವಂತೆಯೇ ಇಲ್ಲ. ಆದರೆ ವಿಜ್ಞಾನೇಶ್ವರನು ಅಷ್ಟಕ್ಕೆ ಬಿಡುವುದಿಲ್ಲ. ಶಿಷ್ಯನನ್ನು ಶಿಕ್ಷಿಸುವ ಗುರುವು ಶಾಸ್ತ್ರದ ಮೇರೆಯನ್ನು ಮೀರಿ ಹೊಡೆದರೆ? ದುರ್ಭಿಕ್ಷ, ಧರ್ಮಕಾರ್ಯ, ವ್ಯಾಧಿ, ಬಂಧನ ಮೊದಲಾದ ಕಾರಣವಿಲ್ಲದೆಯೇ ಗಂಡನು ಸ್ತ್ರೀಧನವನ್ನು ವೆಚ್ಚಮಾಡಿ, ಬೇಡಿದರೂ ಹಿಂದಕ್ಕೆ ಕೊಡದಿದ್ದರೆ? ಆಗಲೂ ವ್ಯವಹಾರವಿಲ್ಲವೆಂದರೆ ಅನ್ಯಾಯಕ್ಕೆ ಕೈಗೊಟ್ಟಂತಾಗುವುದು. ಆದುದರಿಂದ ಆ ವಚನದ ತಾತ್ಪರ್ಯವು ನಿಷೇಧವಲ್ಲ. ಇಂತಹ ವ್ಯವಹಾರವು ಇಹಪರಗಳೆರಡಕ್ಕೂ ಶ್ರೇಯಸ್ಕರವಲ್ಲವೆಂದು ಸಭ್ಯರು ಮೊದಲು ತಿಳಿಯಹೇಳಿ ತಡೆಯಬೇಕು. ಅತ್ಯಂತ ನಿರ್ಬಂಧವಾದರೆ ಇವರ ವ್ಯವಹಾರವನ್ನೂ ನಡೆಯಿಸಬೇಕು ಎಂಬುದು ಅವನ ಸಿದ್ಧಾಂತ. ಮೊದಲು ಸಮಾಧಾನ, ಅದು ಫಲಿಸದಿದ್ದರೆ ನ್ಯಾಯವೆಂಬ ಈ ಕ್ರಮವನ್ನೇ ೧೯೮೪ನೆಯ ಕುಟುಂಬನ್ಯಾಯಾಲಯಗಳ ಅಧಿನಿಯಮವು ಬೇರೆ ಮಾರ್ಗದಿಂದ ಬಂದು ಸೇರಿರುವುದು ಗಮನಾರ್ಹವಾಗಿದೆ.

ಇಲ್ಲಿ ಅವನು ಕೊಡುವ ಉದಾಹರಣೆಯನ್ನು ಸೂಕ್ಷ್ಮವಾಗಿ ನೋಡಬೇಕು. ದಂಪತಿಗಳ ನಡುವಣ ವ್ಯವಹಾರಕ್ಕೆ ದೃಷ್ಟಾಂತವಾಗಿ ಬಂದದ್ದು ಸ್ತ್ರೀಧನ. ಅಂದರೆ ಹೆಂಡತಿಯು ವಾದಿ, ಗಂಡನು ಪ್ರತಿವಾದಿ, ವಿವಾದದ ವಿಷಯವು ದ್ರವ್ಯ. ಹೆಂಡತಿಯ ದೇಹವನ್ನೇ ವಿವಾದಪದವಾಗಿ ಮಾಡಿಕೊಂಡು ಗಂಡನು ವಾದಿಯಾಗಿ ನಿಲ್ಲುವ ದೃಷ್ಟಾಂತವು ಆ ಸ್ಥಳದಲ್ಲಿ ಇಲ್ಲ.

ವ್ಯವಹಾರಾಧ್ಯಾಯದ ಕಡೆಯ ಭಾಗದಲ್ಲಿ, ಸ್ತ್ರೀಸಂಗ್ರಹಣದ ನಂತರ, ವಿಜ್ಞಾನೇಶ್ವರನು ಸ್ತ್ರೀಪುಂಯೋಗವೆಂಬ ವಿವಾದಪದವನ್ನು ನಾರದನಿಂದ ತೆಗೆದುಕೊಂಡು ಕೆಲವು ಪಂಕ್ತಿಗಳನ್ನು ಬರೆದಿದ್ದಾನೆ. ಗಂಡಹೆಂಡಿರು ವಾದಿಪ್ರತಿವಾದಿಗಳಾಗಿ ರಾಜನ ಎದುರಿಗೆ ನಿಲ್ಲುವುದು ನಿಷಿದ್ಧವಾದರೂ, ಅವರು ಪರಸ್ಪರ ಮರ್ಯಾದೆಯನ್ನು ಮೀರಿ ನಡೆಯುತ್ತಿರುವುದು ಪ್ರತ್ಯಕ್ಷವಾಗಿಯಾಗಲಿ ಕರ್ಣಪರಂಪರೆಯಿಂದಾಗಲಿ ರಾಜನಿಗೆ ತಿಳಿದುಬಂದರೆ, ದಂಡಾದಿಗಳಿಂದ ಇಬ್ಬರನ್ನೂ ಅವರವರ ಧರ್ಮಮಾರ್ಗದಲ್ಲಿ ನಿಲ್ಲಿಸಬೇಕು. ನಿಲ್ಲಿಸದಿದ್ದರೆ ರಾಜನೇ ದೋಷಭಾಗಿ ಎಂಬುದು ಆ ಪಂಕ್ತಿಗಳ ಅಭಿಪ್ರಾಯ. ಇದರಿಂದ ಎರಡು ವಿಷಯಗಳು ಸ್ಪಷ್ಟವಾಗುತ್ತವೆ. ಒಂದನೆಯದು, ಇದು ರಾಜನ ಕರ್ತವ್ಯವೇ ಹೊರತು ಗಂಡನ ಹಕ್ಕು ಅಲ್ಲ. ಎರಡನೆಯದು, ದಂಡವು ಇಬ್ಬರಿಗೂ ಸಮಾನವಾಗಿ ಅನ್ವಯಿಸತಕ್ಕದ್ದು.

೩. ಪೂರ್ವಪಕ್ಷ

ಇಲ್ಲಿ ಆಕ್ಷೇಪವು ಬರಬಹುದು. “ದಂಡಾದಿಗಳಿಂದ ನಿಲ್ಲಿಸಬೇಕು ಎಂದ ಮೇಲೆ ಕಾರಾಗೃಹವೂ ದಂಡವೇ ಅಲ್ಲವೆ? ದೇಹದಂಡವು ಸನ್ನಿರೋಧದಿಂದ ಮೊದಲಾಗಿ ಪ್ರಾಣಾಂತದವರೆಗೆ ಇರುವುದೆಂದು ನಾರದನೇ ಹೇಳಿಲ್ಲವೆ? ಸವತಿಯು ಬಂದಳೆಂದು ರೋಷದಿಂದ ಮನೆಬಿಟ್ಟು ಹೊರಡುವ ಹೆಂಡತಿಯನ್ನು ಕೂಡಲೆ ತಡೆದಿಡಬೇಕು, ಇಲ್ಲವೆ ಕುಲದವರ ಎದುರಿಗೆ ಬಿಟ್ಟುಬಿಡಬೇಕು ಎಂದು ಮನುವಿನ ಒಂಬತ್ತನೆಯ ಅಧ್ಯಾಯದಲ್ಲಿ ಇಲ್ಲವೆ?” ಎಂದು.

ಈ ಆಕ್ಷೇಪವನ್ನು ಮುಚ್ಚಿಟ್ಟು ಮುಂದೆ ಹೋಗುವುದು ವಿದ್ವತ್ತಿಗೆ ಉಚಿತವಲ್ಲ. ಮನುವಿನ ಆ ವಚನವು ಇರುವುದು ನಿಜ. ಸ್ತ್ರೀಗೆ ಸ್ವಾತಂತ್ರ್ಯವನ್ನು ಕೊಡುವ ಉದ್ದೇಶವು ಅಲ್ಲಿ ಇಲ್ಲವೆಂಬುದೂ ನಿಜ. ಇಂದಿನವರಿಗೆ ಹಿತವಾಗಲೆಂದು ಪ್ರಾಚೀನರ ಬಾಯಲ್ಲಿ ಇಂದಿನ ಮಾತುಗಳನ್ನು ತುರುಕುವುದು ಒಂದು ಬಗೆಯ ಕೂಟಸಾಕ್ಷ್ಯವೇ ಸರಿ. ಆದರೆ ವಚನದಲ್ಲಿ ಹೇಳಿರುವುದನ್ನು ಹೇಳಿದಷ್ಟೇ ಗ್ರಹಿಸಬೇಕು. ಅಲ್ಲಿ ತಡೆಯುವವರು ಮನೆಯವರು, ರಾಜಪುರುಷರಲ್ಲ. ಅಲ್ಲಿಯ ನಿಮಿತ್ತವು ಒಂದು ವಿಶೇಷಸಂದರ್ಭ. ಅಲ್ಲದೆ ‘ಇಲ್ಲವೆ ಬಿಟ್ಟುಬಿಡಬೇಕು’ ಎಂಬ ವಿಕಲ್ಪವು ಅದರ ಬೆನ್ನಿಗೇ ಇದೆ. ಬಿಟ್ಟುಬಿಡುವುದು ಒಂದು ವಿಕಲ್ಪವಾಗಿರುವಾಗ, ವಚನವು ಸಹವಾಸವನ್ನು ಬಲಾತ್ಕಾರದಿಂದ ಸಾಧಿಸುವ ವಿಧಿಯೆಂದು ಹೇಳಲಾಗದು.

ಇನ್ನು ದಂಡದ ಪ್ರಮಾಣ. ಧಿಗ್ದಂಡ, ವಾಗ್ದಂಡ, ಧನದಂಡ, ವಧದಂಡಗಳೆಂಬ ನಾಲ್ಕನ್ನು ಅಪರಾಧಕ್ಕೆ ತಕ್ಕಂತೆ ಪ್ರಯೋಗಿಸಬೇಕೆಂದು ಯಾಜ್ಞವಲ್ಕ್ಯನ ಮತ. ದಾಂಪತ್ಯವಿಷಯದಲ್ಲಿ ಸ್ಮೃತಿಕಾರರು ಸ್ಪಷ್ಟವಾಗಿ ಹೆಸರಿಸಿದ ದಂಡಗಳಲ್ಲಿ ಮುಖ್ಯವಾದವು ಗಂಡನ ಮೇಲೆಯೇ ಬೀಳುತ್ತವೆ. ಹೇಳಿದಂತೆ ನಡೆಯುವ, ದಕ್ಷಳಾದ, ಪುತ್ರವತಿಯಾದ, ಪ್ರಿಯವಾದಿನಿಯಾದ ಹೆಂಡತಿಯನ್ನು ತ್ಯಜಿಸುವವನಿಂದ ಅವನ ದ್ರವ್ಯದ ಮೂರನೆಯ ಒಂದು ಪಾಲನ್ನು ಅವಳಿಗೆ ಕೊಡಿಸಬೇಕು; ದ್ರವ್ಯವಿಲ್ಲದಿದ್ದರೆ ಅನ್ನವಸ್ತ್ರಗಳನ್ನು ಕೊಡಿಸಬೇಕೆಂದು ಯಾಜ್ಞವಲ್ಕ್ಯನು ಆಚಾರಾಧ್ಯಾಯದಲ್ಲಿ ಹೇಳಿದ್ದಾನೆ. ಅಂತಹವಳನ್ನು ಬಿಡುವವನನ್ನು ರಾಜನು ದೊಡ್ಡ ದಂಡದಿಂದ ದಾರಿಗೆ ತರಬೇಕೆಂದು ನಾರದನ ಮತ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಈ ವಿಷಯವು ಇನ್ನೂ ವಿಶದವಾಗಿದೆ. ಹನ್ನೆರಡು ವರ್ಷದ ಹೆಣ್ಣೂ ಹದಿನಾರು ವರ್ಷದ ಗಂಡೂ ವ್ಯವಹಾರಯೋಗ್ಯರು. ಅದರ ಮೇಲೆ ಪರಸ್ಪರ ಸಲ್ಲಿಸತಕ್ಕ ಶುಶ್ರೂಷೆಯನ್ನು ಸಲ್ಲಿಸದಿದ್ದರೆ ಹೆಂಡತಿಗೆ ಹನ್ನೆರಡು ಪಣ, ಗಂಡನಿಗೆ ಅದರ ಇಮ್ಮಡಿ ದಂಡ. ಹನ್ನೆರಡು ಪಣ ಎಲ್ಲಿ, ಆರು ತಿಂಗಳ ಸೆರೆ ಎಲ್ಲಿ! ಧರ್ಮವಿವಾಹಗಳಲ್ಲಿ ಮೋಕ್ಷವಿಲ್ಲವೆಂದರೂ, ಇತರ ವಿವಾಹಗಳಲ್ಲಿ ಪರಸ್ಪರ ದ್ವೇಷವಿದ್ದರೆ ಬಿಡುಗಡೆಯುಂಟೆಂದು ಅದೇ ಗ್ರಂಥವು ಹೇಳುತ್ತದೆ. ಈ ಅರ್ಥಶಾಸ್ತ್ರದ ಓಲೆಯ ಪ್ರತಿಯು ಮೈಸೂರಿನ ಪ್ರಾಚ್ಯಪುಸ್ತಕಭಂಡಾರದಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ದೊರೆತು ೧೯೦೯ರಲ್ಲಿ ಅಚ್ಚಾಯಿತು. ಆದ್ದರಿಂದ ೧೮೮೭ರಲ್ಲಿ ವಾದಿಸಿದವರಿಗೂ ತೀರ್ಪುಕೊಟ್ಟವರಿಗೂ ಈ ಪ್ರಮಾಣವು ಕೈಗೆ ಸಿಕ್ಕುವ ಸಂಭವವೇ ಇರಲಿಲ್ಲ. ಮಿತಾಕ್ಷರೆಯು ಇದ್ದಿತಷ್ಟೆ; ಆದರೆ ಅದರಲ್ಲಿ ಕೋಲ್‌ಬ್ರೂಕ್ ಸಾಹೇಬರು ೧೮೧೦ರಲ್ಲಿ ಆಂಗ್ಲಭಾಷೆಗೆ ಪರಿವರ್ತಿಸಿದ್ದು ದಾಯವಿಭಾಗದ ಪ್ರಕರಣವನ್ನು. ಆಂಗ್ಲ ನ್ಯಾಯಾಧೀಶರ ಪಾಲಿಗೆ ಬಹುಕಾಲ ಮಿತಾಕ್ಷರೆಯೆಂದರೆ ಮುಖ್ಯವಾಗಿ ಆಸ್ತಿ ಹಂಚುವ ಗ್ರಂಥವಾಗಿದ್ದಿತು.

೪. ಕಾರಾಗೃಹವು ಎಲ್ಲಿಂದ ಬಂದಿತು?

ನಮ್ಮಲ್ಲಿ ಇಲ್ಲದ ಈ ವಿಧಿಯು ಎಲ್ಲಿಂದ ಬಂದಿತೆಂದರೆ, ಇಂಗ್ಲೆಂಡಿನ ಕ್ರೈಸ್ತ ಧರ್ಮಪೀಠದ ನ್ಯಾಯಸ್ಥಾನಗಳಿಂದ. ಆ ದೇಶದಲ್ಲಿ ವಿವಾಹದ ವಿಚಾರವು ಬಹುಕಾಲ ಗುರುಪೀಠದ ಅಧೀನದಲ್ಲಿದ್ದಿತು. ಗಂಡನನ್ನಾಗಲಿ ಹೆಂಡತಿಯನ್ನಾಗಲಿ ಬಿಟ್ಟವರು ಹಿಂದಿರುಗಿ ಸಂಸಾರಮಾಡಬೇಕೆಂದು ಆ ನ್ಯಾಯಸ್ಥಾನವು ಆಜ್ಞಾಪಿಸುತ್ತಿದ್ದಿತು. ಇದೇ ‘ದಾಂಪತ್ಯಹಕ್ಕಿನ ಪುನಃಸ್ಥಾಪನೆ’. ಆಜ್ಞೆಯನ್ನು ಮೀರಿದವರಿಗೆ ಬಹಿಷ್ಕಾರ. ಬಹಿಷ್ಕೃತರಾದವರನ್ನು ಅರಸನ ಅಧಿಕಾರಿಗಳು ಹಿಡಿದು ಸೆರೆಯಲ್ಲಿಡುವರು. ೧೮೧೩ರ ಶಾಸನವು ಬಹಿಷ್ಕಾರವನ್ನು ತೆಗೆದು, ನ್ಯಾಯಸ್ಥಾನದ ಆಜ್ಞೆಗೆ ಎದುರುನಿಂತ ಅಪರಾಧಕ್ಕಾಗಿ ನೇರವಾಗಿ ಸೆರೆಯನ್ನು ವಿಧಿಸಿತು. ೧೮೫೭ರಲ್ಲಿ ವಿವಾಹವ್ಯವಹಾರಗಳು ಗುರುಪೀಠದಿಂದ ಲೌಕಿಕ ನ್ಯಾಯಸ್ಥಾನಕ್ಕೆ ವರ್ಗವಾದರೂ ಈ ಸೆರೆಯು ಜತೆಯಲ್ಲಿಯೇ ಬಂದಿತು. ಒಟ್ಟಿನಲ್ಲಿ ಅಲ್ಲಿಯ ಸೆರೆಗೆ ಕಾರಣವು ಗಂಡನನ್ನು ಬಿಟ್ಟದ್ದಲ್ಲ. ಪೀಠದ ಮಾತನ್ನು ಮೀರಿದ್ದು. ಅದು ಶುದ್ಧವಾದ ನ್ಯಾಯಾಲಯನಿಂದನೆಯ ಶಿಕ್ಷೆ.

ಭರತಖಂಡಕ್ಕೆ ಇದು ಬಂದ ದಾರಿಯೂ ವಿಚಿತ್ರವಾದುದು. ೧೮೫೬ರಲ್ಲಿ ಮುಂಬಯಿಯ ಪಾರಸೀ ದಂಪತಿಗಳ ವ್ಯವಹಾರವೊಂದರಲ್ಲಿ ಪ್ರಿವಿ ಕೌನ್ಸಿಲಿನವರು, ಕ್ರೈಸ್ತರಲ್ಲದವರ ಮೇಲೆ ಸುಪ್ರೀಂಕೋರ್ಟಿನ ಗುರುಪೀಠಾಧಿಕಾರವು ನಡೆಯದೆಂದೂ, ಸಾಮಾನ್ಯ ದಿವಾನಿ ಅಧಿಕಾರದಿಂದ ಪರಿಹಾರವನ್ನು ಕೊಡಬಹುದೆಂದೂ ಸೂಚಿಸಿದರು. ೧೮೬೭ರಲ್ಲಿ ಮುಸಲ್ಮಾನ ದಂಪತಿಗಳ ಒಂದು ವ್ಯವಹಾರದಲ್ಲಿ ಇಂತಹ ದಾವೆಯು ನಡೆಯತಕ್ಕದ್ದೆಂದು ಅವರೇ ನಿರ್ಣಯಿಸಿದರು. ಬಾಗಿಲಿನಿಂದ ಹೊರಕ್ಕೆ ಹೋದ ಗುರುಪೀಠವು ಕಿಟಕಿಯಿಂದ ಒಳಕ್ಕೆ ಬಂದಿತೆನ್ನಬಹುದು. ಅನಂತರ ೧೮೭೭ರ ಮತ್ತು ೧೮೮೨ರ ದಿವಾನಿ ವ್ಯವಹಾರಸಂಹಿತೆಗಳು ಡಿಕ್ರಿಯ ಅಮಲ್ಜಾರಿಗೆ ನಿಯಮವನ್ನು ಮಾಡಿದವು. ೧೮೮೨ರ ಸಂಹಿತೆಯ ೨೬೦ನೆಯ ಪ್ರಕರಣದಲ್ಲಿ, ಕರಾರನ್ನು ನಡೆಯಿಸಬೇಕೆಂಬ ಡಿಕ್ರಿ, ದಾಂಪತ್ಯಹಕ್ಕಿನ ಡಿಕ್ರಿ ಇವನ್ನು ಒಂದೇ ಸಾಲಿನಲ್ಲಿಟ್ಟು, ಮೀರಿದವರಿಗೆ ಸೆರೆ ಅಥವಾ ಆಸ್ತಿಯ ಜಫ್ತಿ ಅಥವಾ ಎರಡನ್ನೂ ವಿಧಿಸಿತು. ವಿವಾಹವು ಸಂಸ್ಕಾರವೇ ಹೊರತು ಕರಾರಲ್ಲವೆಂದು ಸಾರುತ್ತಿದ್ದ ನಮ್ಮವರು, ಅದನ್ನು ಕರಾರಿನ ಪಕ್ಕದಲ್ಲಿ ಕುಳ್ಳಿರಿಸಿದ ಈ ಪ್ರಕರಣವನ್ನು ಧರ್ಮರಕ್ಷಣೆಯ ಆಯುಧವೆಂದು ಹಿಡಿದುದು ಕಾಲದ ವೈಚಿತ್ರ್ಯವಲ್ಲದೆ ಮತ್ತೇನು?

ಇದಕ್ಕಿಂತಲೂ ವಿಚಿತ್ರವಾದುದು ಮುಂದಿನದು. ಇಂಗ್ಲೆಂಡಿನಲ್ಲಿ ಜಾರ್ಜಿನಾ ವೆಲ್ಡನ್ ಎಂಬ ಸ್ತ್ರೀಯು ತನ್ನ ಗಂಡನ ಮೇಲೆ ೧೮೮೨ರಲ್ಲಿ ಇಂತಹುದೇ ಡಿಕ್ರಿಯನ್ನು ಪಡೆದಳು. ಗಂಡನು ಒಪ್ಪಲಿಲ್ಲ, ಶಾಸನದಂತೆ ಅವನನ್ನು ಸೆರೆಯಲ್ಲಿಡಬೇಕಾಯಿತು. ಸೆರೆಯು ಗಂಡಸಿನ ಮನೆಯ ಬಾಗಿಲಿಗೆ ಬಂದ ಕೂಡಲೆ ಪಾರ್ಲಿಮೆಂಟಿಗೆ ಎಚ್ಚರವಾಯಿತು. ೧೮೮೪ರ ಶಾಸನದಿಂದ ಈ ಆಜ್ಞೆಯನ್ನು ಮೀರಿದವರಿಗೆ ಸೆರೆಯಿಲ್ಲವೆಂದು ವಿಧಿಸಿದರು. ಅದೇ ೧೮೮೪ರಲ್ಲಿ ಮುಂಬಯಿಯಲ್ಲಿ ದಾದಾಜಿ ಭಿಕಾಜಿಯು ರುಖಮಾಬಾಯಿಯ ಮೇಲೆ ದಾವೆಯನ್ನು ಹೂಡಿದನು. ಹುಟ್ಟಿದ ಮನೆಯಲ್ಲಿ ಸತ್ತ ವಿಧಿಯು ಹೊಕ್ಕ ಮನೆಯಲ್ಲಿ ಬದುಕಿಕೊಂಡಿತು.

೫. ರುಖಮಾಬಾಯಿಯ ವ್ಯವಹಾರ

ರುಖಮಾಬಾಯಿಯು ೧೮೬೪ರಲ್ಲಿ ಹುಟ್ಟಿದವಳು. ತಂದೆಯು ಎಳೆವಯಸ್ಸಿನಲ್ಲಿಯೇ ತೀರಿಕೊಂಡನು. ತಾಯಿಯು ಡಾಕ್ಟರ್ ಸಖಾರಾಮ ಅರ್ಜುನರನ್ನು ಮರುಮದುವೆಯಾದಳು. ಮರುಮದುವೆಗೆ ಮೊದಲು ಸತ್ತ ಗಂಡನ ಆಸ್ತಿಯನ್ನು ಮಗಳ ಹೆಸರಿಗೆ ಮಾಡಿದಳು. ಹನ್ನೊಂದನೆಯ ವಯಸ್ಸಿನಲ್ಲಿ ಬಾಲಕಿಗೆ ದಾದಾಜಿಯೊಡನೆ ವಿವಾಹವಾಯಿತು. ವಿವಾಹದ ಮೇಲೂ ಅವಳು ಮಲತಂದೆಯ ಮನೆಯಲ್ಲಿಯೇ ಬೆಳೆದು, ಓದುಬರಹಗಳನ್ನು ಕಲಿತಳು. ಗಂಡನ ಮನೆಗೆ ಹೋಗಿ ಒಂದು ದಿನವೂ ಸಂಸಾರಮಾಡಿರಲಿಲ್ಲ. ಪ್ರಾಯಕ್ಕೆ ಬಂದ ಮೇಲೆ ಹೋಗಲು ಒಪ್ಪಲಿಲ್ಲ.

ದಾವೆಯು ಮೊದಲು ನ್ಯಾಯಾಧೀಶ ಪಿನ್ಹೆಯವರ ಮುಂದೆ ಬಂದಿತು. ಅವರು ೧೮೮೫ರ ಸೆಪ್ಟೆಂಬರಿನಲ್ಲಿ ದಾವೆಯನ್ನು ವಜಾಮಾಡಿದರು. ಪುನಃಸ್ಥಾಪನೆ ಎಂಬುದಕ್ಕೆ ಮೊದಲು ಸ್ಥಾಪನೆಯಾಗಿರಬೇಕು. ಇಲ್ಲಿ ಸಹವಾಸವೇ ನಡೆದಿಲ್ಲ. ಈ ಬಗೆಯ ದಾವೆಯು ಇಂಗ್ಲೆಂಡಿನಿಂದ ಬಂದುದು, ಹಿಂದೂಧರ್ಮಶಾಸ್ತ್ರದಲ್ಲಿ ಇದಕ್ಕೆ ಆಧಾರವಿಲ್ಲ. ಇಂಗ್ಲೆಂಡಿನಲ್ಲಿಯೇ ಜೀರ್ಣವಾಗುತ್ತಿರುವ ವಿಧಿಯನ್ನು ಇಲ್ಲಿ ಬೆಳೆಯಿಸುವುದು ಯುಕ್ತವಲ್ಲ, ಎಂಬುದು ಅವರ ತೀರ್ಪಿನ ಸಾರ. ಸಂಸ್ಕೃತಪಂಡಿತರೂ ನ್ಯಾಯವಾದಿಗಳೂ ಆಗಿದ್ದ ಕಾಶೀನಾಥ ತ್ರ್ಯಂಬಕ ತೇಲಂಗರು ರುಖಮಾಬಾಯಿಯ ಪಕ್ಷದ ವಕೀಲರಲ್ಲಿ ಒಬ್ಬರಾಗಿದ್ದರು. ತಿಲಕರ ಕೇಸರಿ ಮತ್ತು ಮರಾಠಾ ಪತ್ರಿಕೆಗಳು ದಾದಾಜಿಯ ಪಕ್ಷವನ್ನು ವಹಿಸಿದವು. ಬೆಹರಾಮಜಿ ಮಲಬಾರಿಯವರು ರುಖಮಾಬಾಯಿಯ ಪಕ್ಷಕ್ಕೆ ನಿಂತರು. ಅವಳೂ ‘ಒಬ್ಬ ಹಿಂದೂ ಸ್ತ್ರೀ’ ಎಂಬ ಅಂಕಿತದಿಂದ ಪತ್ರಿಕೆಗೆ ಬಾಲ್ಯವಿವಾಹದ ವಿಷಯವಾಗಿ ಬರೆದಿದ್ದಳು.

೧೮೮೬ರಲ್ಲಿ ಅಪೀಲಾಯಿತು. ಮುಖ್ಯನ್ಯಾಯಾಧೀಶ ಸಾರ್ಜೆಂಟರೂ ಬೇಲಿಯವರೂ ಪಿನ್ಹೆಯವರ ತೀರ್ಪನ್ನು ತೆಗೆದುಹಾಕಿ ಮರುವಿಚಾರಣೆಗೆ ಕಳುಹಿಸಿದರು. ಹಾಗೆ ಫರಾನರ ಮುಂದೆ ಬಂದು ೧೮೮೭ರ ಮಾರ್ಚಿಯ ಆಜ್ಞೆಯು ಹುಟ್ಟಿತು. ರುಖಮಾಬಾಯಿಯು ಆಜ್ಞೆಯನ್ನು ಪಾಲಿಸಲಾರೆನೆಂದೂ, ಶಾಸನವು ವಿಧಿಸಬಹುದಾದ ಪೂರ್ಣಶಿಕ್ಷೆಯನ್ನು ಅನುಭವಿಸಲು ಸಿದ್ಧಳಾಗಿರುವೆನೆಂದೂ ತಿಳಿಸಿದಳು. ಇದು ತಲೆತಪ್ಪಿಸಿಕೊಳ್ಳುವವರ ಮಾತಲ್ಲ. ನಾರದನ ಐದು ಹೀನರಲ್ಲಿ ಯಾರೊಬ್ಬರ ಲಕ್ಷಣವೂ ಇವಳಲ್ಲಿ ಇಲ್ಲ. ಕರೆದಾಗ ಬಂದಳು, ಕೇಳಿದಾಗ ಉತ್ತರಕೊಟ್ಟಳು, ಓಡಿಹೋಗಲಿಲ್ಲ, ಮಾತು ಬದಲಿಸಲಿಲ್ಲ. ಆಜ್ಞೆಯನ್ನು ಮಾತ್ರ ಒಪ್ಪಲಿಲ್ಲ. ನ್ಯಾಯಸ್ಥಾನವನ್ನು ಗೌರವಿಸುವುದು, ಅದರ ಒಂದು ಆಜ್ಞೆಗೆ ಮಣಿಯುವುದು, ಇವೆರಡೂ ಯಾವಾಗಲೂ ಒಂದೇ ಅಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವು ದುರ್ಲಭ.

ಅವಳು ಸೆರೆಗೆ ಹೋಗಲಿಲ್ಲ. ೧೮೮೮ರ ಜುಲೈಯಲ್ಲಿ ಉಭಯಪಕ್ಷಗಳಿಗೂ ರಾಜಿಯಾಗಿ, ದಾದಾಜಿಯು ೨೦೦೦ ರೂಪಾಯಿಗಳನ್ನು ವೆಚ್ಚಕ್ಕಾಗಿ ಪಡೆದು ಡಿಕ್ರಿಯ ಅಮಲ್ಜಾರಿಯನ್ನು ಕೈಬಿಟ್ಟನು. ವಿಕ್ಟೋರಿಯಾ ಮಹಾರಾಣಿಯೇ ಈ ವಿವಾಹವನ್ನು ರದ್ದುಮಾಡಿದಳೆಂದು ಹಲವು ಪುಸ್ತಕಗಳಲ್ಲಿ ಕಾಣುವ ಮಾತು ಜನಜನಿತವಾದ ಕಥೆಯೇ ಹೊರತು ಇತಿಹಾಸವಲ್ಲ. ವ್ಯವಹಾರವು ಮುಗಿದುದು ಈ ರಾಜಿಯಿಂದ. ೧೮೮೯ರಲ್ಲಿ ರುಖಮಾಬಾಯಿಯು ಲಂಡನ್ನಿಗೆ ಹೋಗಿ ಸ್ತ್ರೀಯರ ವೈದ್ಯಪಾಠಶಾಲೆಯಲ್ಲಿ ಓದಿ, ೧೮೯೪ರಲ್ಲಿ ವೈದ್ಯಳಾಗಿ ಹೊರಬಂದಳು. ಅನಂತರ ಸೂರತ್ತಿನಲ್ಲಿಯೂ ರಾಜಕೋಟೆಯಲ್ಲಿಯೂ ದೀರ್ಘಕಾಲ ಸ್ತ್ರೀಯರಿಗೆ ಚಿಕಿತ್ಸೆಮಾಡುತ್ತ ಬಾಳಿ ೧೯೫೫ರಲ್ಲಿ ತೀರಿಕೊಂಡಳು. ಸೆರೆಮನೆಯು ಒಂದು ವೇಳೆ ಅವಳನ್ನು ಗೆದ್ದಿದ್ದರೆ ಆ ಊರುಗಳ ಎಷ್ಟು ಮಂದಿ ಬಾಣಂತಿಯರು ಸೋಲುತ್ತಿದ್ದರೋ ಹೇಳಲಾಗದು.

೬. ಅನಂತರದ ಗತಿ

ಆ ಸೆರೆಯ ವಿಧಿಯು ಕೂಡಲೆ ಹೋಗಲಿಲ್ಲ. ೧೯೦೮ರ ದಿವಾನಿ ಸಂಹಿತೆಯ ೨೧ನೆಯ ಆದೇಶದ ೩೩ನೆಯ ನಿಯಮವು, ಇಂತಹ ಡಿಕ್ರಿಯನ್ನು ಸೆರೆಯಿಂದ ನಡೆಯಿಸಕೂಡದೆಂದು ಹೇಳುವ ವಿವೇಚನೆಯನ್ನು ನ್ಯಾಯಾಧೀಶರಿಗೆ ಕೊಟ್ಟಿತು. ೧೯೨೩ರ ತಿದ್ದುಪಡಿಯು ದಾಂಪತ್ಯಹಕ್ಕಿನ ಡಿಕ್ರಿಗೆ ಸೆರೆಯನ್ನು ಪೂರ್ಣವಾಗಿ ತೆಗೆದುಹಾಕಿತು. ಆಸ್ತಿಯ ಜಫ್ತಿಯು ಮಾತ್ರ ಉಳಿಯಿತು. ಇಂಗ್ಲೆಂಡು ೧೮೮೪ರಲ್ಲಿ ಮಾಡಿದುದನ್ನು ನಾವು ಮಾಡಲು ಮೂವತ್ತೊಂಬತ್ತು ವರ್ಷಗಳು ಹಿಡಿದವು. ೧೯೫೫ರ ಹಿಂದೂ ವಿವಾಹ ಅಧಿನಿಯಮದ ೯ನೆಯ ಪ್ರಕರಣದಲ್ಲಿ ದಾವೆಯು ಮಾತ್ರ ಹಾಗೆಯೇ ನಿಂತಿತು. ಇಂಗ್ಲೆಂಡಿನಲ್ಲಿ ೧೯೭೦ರ ಶಾಸನದಿಂದ ಆ ದಾವೆಯೂ ಹೋಯಿತು. ಆಂಧ್ರಪ್ರದೇಶದ ಹೈಕೋರ್ಟು ೧೯೮೩ರಲ್ಲಿ ೯ನೆಯ ಪ್ರಕರಣವು ಸಂವಿಧಾನಕ್ಕೆ ವಿರುದ್ಧವೆಂದು ಹೇಳಿತು. ಸುಪ್ರೀಂಕೋರ್ಟು ೧೯೮೪ರಲ್ಲಿ, ಸೆರೆಯಿಲ್ಲದೆ ಜಫ್ತಿ ಮಾತ್ರ ಇರುವುದರಿಂದ ಇದು ಬಲಾತ್ಕಾರವಲ್ಲವೆಂದೂ, ಕುಟುಂಬವು ಒಡೆಯದಂತೆ ತಡೆಯುವ ಉದ್ದೇಶವುಳ್ಳದ್ದೆಂದೂ ಅದನ್ನು ಎತ್ತಿಹಿಡಿಯಿತು. ಡಿಕ್ರಿಯಾಗಿ ಒಂದು ವರ್ಷವಾದರೂ ಸಹವಾಸವು ನಡೆಯದಿದ್ದರೆ ಉಭಯರಲ್ಲಿ ಯಾರಾದರೂ ವಿಚ್ಛೇದವನ್ನು ಕೇಳಬಹುದು. ಆದುದರಿಂದ ಕೂಡಿಸಲು ಹುಟ್ಟಿದ ಆಜ್ಞೆಯು ಅನೇಕವೇಳೆ ಅಗಲುವುದಕ್ಕೆ ಮೆಟ್ಟಿಲಾಗಿದೆ.

ಸೆರೆಯು ಕೌಟುಂಬಿಕ ವ್ಯವಹಾರದಿಂದ ಸಂಪೂರ್ಣವಾಗಿ ಹೋಯಿತೆಂದು ಭಾವಿಸಬಾರದು. ಅದು ತನ್ನ ಯೋಗ್ಯಸ್ಥಾನಕ್ಕೆ ಹೋಗಿ ಕುಳಿತಿತು. ಹೆಂಡತಿ ಮಕ್ಕಳಿಗೆ ಜೀವನಾಂಶವನ್ನು ಕೊಡೆಂದು ಮ್ಯಾಜಿಸ್ಟ್ರೇಟನು ಮಾಡಿದ ಆಜ್ಞೆಯನ್ನು ತಕ್ಕ ಕಾರಣವಿಲ್ಲದೆ ಮೀರಿದವನಿಗೆ, ಬಾಕಿಯಾದ ಪ್ರತಿಯೊಂದು ತಿಂಗಳಿಗೂ ಒಂದು ತಿಂಗಳವರೆಗೆ ಸೆರೆಯುಂಟು. ೧೮೯೮ರ ಸಂಹಿತೆಯ ೪೮೮ನೆಯ ಪ್ರಕರಣ, ೧೯೭೩ರ ಸಂಹಿತೆಯ ೧೨೫ನೆಯ ಪ್ರಕರಣ, ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ ೧೪೪ನೆಯ ಪ್ರಕರಣ, ಇವು ಒಂದೇ ವಿಧಿಯ ಪರಂಪರೆ. ಬುದ್ಧಿಪೂರ್ವಕವಾಗಿ ನ್ಯಾಯಸ್ಥಾನದ ಆಜ್ಞೆಯನ್ನು ಮೀರಿದವರಿಗೆ ೧೯೭೧ರ ನ್ಯಾಯಾಲಯನಿಂದನೆಯ ಅಧಿನಿಯಮದಂತೆ ಆರು ತಿಂಗಳವರೆಗೆ ಸಾದಾ ಸೆರೆ, ಅಥವಾ ೨೦೦೦ ರೂಪಾಯಿಗಳವರೆಗೆ ಜುಲ್ಮಾನೆ, ಅಥವಾ ಎರಡೂ ಆಗಬಹುದು. ಗಂಡನು ದಾಂಪತ್ಯಹಕ್ಕಿನ ಡಿಕ್ರಿಯನ್ನು ಪಡೆದು, ಹೆಂಡತಿಯು ಅದನ್ನು ಪಾಲಿಸಲಿಲ್ಲವೆಂಬ ನೆವದಿಂದ ಜೀವನಾಂಶವನ್ನು ತಪ್ಪಿಸಿಕೊಳ್ಳುವ ಉಪಾಯವು ಬಹುಕಾಲ ನಡೆಯುತ್ತಿದ್ದಿತು. ಆ ಡಿಕ್ರಿಯೊಂದರಿಂದಲೇ ಹೆಂಡತಿಯ ಜೀವನಾಂಶದ ಹಕ್ಕು ಹೋಗುವುದಿಲ್ಲವೆಂದು ೨೦೨೫ರ ಜನವರಿಯಲ್ಲಿ ಸುಪ್ರೀಂಕೋರ್ಟು ನಿರ್ಣಯಿಸಿತು.

೭. ಉಪಸಂಹಾರ

ಮೇಲಿನ ವಿಚಾರದಿಂದ ಸಿದ್ಧವಾಗುವುದಿಷ್ಟು. ರಾಜಾಜ್ಞೆಯನ್ನು ಮೀರುವುದು ದಂಡಾರ್ಹವೆಂಬುದು ನಮ್ಮ ಸ್ಮೃತಿಗಳಿಗೆ ಹೊಸದಲ್ಲ. ದಂಪತಿಗಳನ್ನು ಧರ್ಮಮಾರ್ಗದಲ್ಲಿ ನಿಲ್ಲಿಸುವ ಹೊಣೆಯೂ ರಾಜನಿಗೆ ಉಂಟು. ಆದರೆ ಗಂಡನು ವಾದಿಯಾಗಿ ಬಂದು, ಹೆಂಡತಿಯು ತನ್ನೊಡನೆ ಇರಬೇಕೆಂದು ಡಿಕ್ರಿಯನ್ನು ಪಡೆದು, ಇರದಿದ್ದರೆ ಅವಳನ್ನು ರಾಜನ ಸೆರೆಮನೆಯಲ್ಲಿಡಿಸುವ ವಿಧಿಯು ಮಿತಾಕ್ಷರೆಯದಲ್ಲ. ಅದು ಪರದೇಶದ ಗುರುಪೀಠದಲ್ಲಿ ಹುಟ್ಟಿ, ದಿವಾನಿ ಸಂಹಿತೆಯ ಮೂಲಕ ಇಲ್ಲಿಗೆ ಬಂದು, ನಮ್ಮ ಧರ್ಮದ ಹೆಸರನ್ನು ಹೊದ್ದುಕೊಂಡಿತು. ಅದನ್ನು ಧರ್ಮವೆಂದು ಕಾಪಾಡಲು ಹೋದವರೂ, ಅದಕ್ಕಾಗಿ ಧರ್ಮವನ್ನು ಹಳಿದ ಪರಕೀಯರೂ ಸಮಾನವಾಗಿ ಮೋಸಹೋದರು.

ಇದರಿಂದ ನಮ್ಮ ಪ್ರಾಚೀನರು ಸ್ತ್ರೀಯರ ವಿಷಯದಲ್ಲಿ ನಿರ್ದೋಷಿಗಳೆಂದು ಸಾಧಿಸಿದಂತಾಗುವುದಿಲ್ಲ. ಹಾಗೆ ಸಾಧಿಸುವುದು ನನ್ನ ಉದ್ದೇಶವೂ ಅಲ್ಲ. ಹನ್ನೊಂದು ವರ್ಷದ ಬಾಲಕಿಗೆ ವಿವಾಹವಾದುದು ಆಂಗ್ಲರ ಸಂಹಿತೆಯಿಂದಲ್ಲ, ನಮ್ಮ ಆಚಾರದಿಂದ. ಆ ಭಾಗದ ಹೊಣೆಯನ್ನು ನಾವೇ ಹೊರಬೇಕು. ಆದರೆ ಯಾರ ತಪ್ಪು ಎಷ್ಟೆಂಬುದನ್ನು ಅಳೆದು ಹೇಳುವುದೇ ಇತಿಹಾಸಕಾರನ ಕೆಲಸ. ಅಳೆಯದೆ ಹೇಳಿದ ಹೊಗಳಿಕೆಯೂ ತೆಗಳಿಕೆಯೂ ಸಾಕ್ಷಿಯಿಲ್ಲದ ದಾವೆಯಂತೆ ನಿಲ್ಲಲಾರವು.

ದ್ರವ್ಯವನ್ನು ಬಲದಿಂದ ಕೊಡಿಸಬಹುದು. ಅದಕ್ಕಾಗಿ ಹಟಮಾರಿಯನ್ನು ಸೆರೆಯಲ್ಲಿಟ್ಟರೂ ತಪ್ಪಲ್ಲ. ಮನಸ್ಸನ್ನು ಬಲದಿಂದ ಕೊಡಿಸಲಾಗದು. ಈ ಭೇದವನ್ನು ವಿಜ್ಞಾನೇಶ್ವರನು ಸೂತ್ರವಾಗಿ ಹೇಳದಿದ್ದರೂ, ದಂಪತಿಗಳ ವ್ಯವಹಾರಕ್ಕೆ ದೃಷ್ಟಾಂತವನ್ನು ಕೊಡಬೇಕಾದಾಗ ಅವನ ಲೇಖನಿಗೆ ಬಂದುದು ಸ್ತ್ರೀಧನ ಎಂಬುದನ್ನು ಮರೆಯಬಾರದು. ಕಲ್ಯಾಣದಲ್ಲಿ ಕುಳಿತು ಬರೆದ ಆ ಪಂಕ್ತಿಗಳನ್ನು ಪೂರ್ತಿಯಾಗಿ ಓದುವ ಸಹನೆ ಮುಂಬಯಿಯ ನ್ಯಾಯಸ್ಥಾನಕ್ಕೆ ಇದ್ದಿದ್ದರೆ, ಒಬ್ಬ ಹೆಣ್ಣುಮಗಳು ‘ಸೆರೆಯೇ ಮೇಲು’ ಎಂದು ಹೇಳಬೇಕಾದ ದಿನವು ಬರುತ್ತಿರಲಿಲ್ಲವೆಂದು ತೋರುತ್ತದೆ.